ಚುಕ್ಕಿ ಎರಡು, ಗೆರೆ ಒಂದು

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ ಶಾಸನ ನಿಂತಿದೆ. ಇಂಥ ಹಳೆಯ ಶಾಸನಗಳಲ್ಲಿ ಕಾಣುವ ವಿರಾಮದ ಗುರುತು ಮುಖ್ಯವಾಗಿ ದಂಡ, ಅಂದರೆ ನಿಂತ ಗೆರೆ. ಅಲ್ಪವಿರಾಮ, ಎರಡು ಚುಕ್ಕಿಯ ವಿವರಣ ಚಿಹ್ನೆ, ಅಡ್ಡಗೆರೆಗಳು ನಮ್ಮಲ್ಲಿ ಬೇರೂರಿದ್ದು ಅಚ್ಚಿನ ಕಾಲದಲ್ಲಿ.

ಹೊಸಪೇಟೆಯಲ್ಲಿ ಕರಡು ತಿದ್ದುವ ನನ್ನನ್ನು ಹೆಚ್ಚು ಕಾಡುವುದು ಎರಡು ಚುಕ್ಕಿ. ಲಗ್ನಪತ್ರಿಕೆಯಲ್ಲಿ ‘ಪ್ರಾತಃಕಾಲ’ ‘ಪ್ರಾತ:ಕಾಲ’ವಾಗಿರುತ್ತದೆ, ಬೇರೆಡೆ ‘ದುಃಖ’ ‘ದು:ಖ’ವಾಗಿರುತ್ತದೆ. ವಿಸರ್ಗದ ಜಾಗದಲ್ಲಿ ವಿವರಣ ಚಿಹ್ನೆ ಕೂತಿರುತ್ತದೆ; ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹುಡುಕಿದರೆ ಪದವೇ ಸಿಗದು.

ಪಟ್ಟಿಗೆ ಎರಡು ಚುಕ್ಕಿ ಸರಿ, ‘ತಾಲ್ಲೂಕುಗಳು: ಹೊಸಪೇಟೆ, ಸಂಡೂರು, ಕಂಪ್ಲಿ’ ಎಂಬಂತೆ. ನಡುವೆ ಮಾತು ಸೇರಿಸಲು ಅಡ್ಡಗೆರೆ, ‘ಸಂಡೂರು—ಅದಿರಿನ ಊರು—ಬಳ್ಳಾರಿ ಜಿಲ್ಲೆಯಲ್ಲಿದೆ’ ಎಂಬಂತೆ. ಒಬ್ಬರ ಮಾತನ್ನು ಹೇಳುವಾಗ ಎರಡೂ ಬೇಕಿಲ್ಲ, ಕನ್ನಡದ ‘ಎಂದು’ ಸಾಕು. ಆಮಂತ್ರಣ ಅಚ್ಚಿಗೆ ಕೊಡುವವರೇ, ದಯವಿಟ್ಟು ವಿಸರ್ಗದ ಕೀಲಿಯನ್ನೇ ಒತ್ತಿ.