ಕಣ್ಣು ಕದಲದೆ ಹರಿಯುವ ಗಮನ

ದೃಷ್ಟಿಯನ್ನು ಒಂದೆಡೆ ನೆಟ್ಟು ಗಮನವನ್ನು ಮಾತ್ರ ಬೇರೊಂದೆಡೆಗೆ ಹರಿಸುವುದು ಸಾಧ್ಯವೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕತ್ತಲೆಯಲ್ಲಿ ನಡೆಸಿದ ಪ್ರಯೋಗವೊಂದರಿಂದ ತೋರಿಸಿಕೊಟ್ಟರು. ಕತ್ತಲಲ್ಲಿದ್ದ ಅಕ್ಷರಗಳು ವಿದ್ಯುತ್ ಕಿಡಿಯ ಬೆಳಕಿನಲ್ಲಿ ಕ್ಷಣಮಾತ್ರ ಕಾಣಿಸಿ ಮರೆಯಾಗುತ್ತಿದ್ದುದರಿಂದ ಕಣ್ಣು ಹೊರಳಿಸಲು ಅವಕಾಶವೇ ಇರುತ್ತಿರಲಿಲ್ಲ. ಆದರೂ ಯಾವ ಭಾಗವನ್ನು ಗಮನಿಸಬೇಕೆಂದು ಅವರು ಮೊದಲೇ ನಿಶ್ಚಯಿಸಿಕೊಂಡಿರುತ್ತಿದ್ದರೋ ಆ ಭಾಗದ ಅಕ್ಷರಗಳನ್ನು ಓದಲು ಆಗುತ್ತಿತ್ತು.

ಹೀಗೆ ಇಚ್ಛೆಯಿಂದ ಗಮನ ಹರಿಸುವಾಗ ಮಿದುಳಿನ ಎರಡು ನೆಲೆಗಳು ಜೊತೆಯಾಗಿ ದುಡಿಯುತ್ತವೆ. ಒಂದು, ನೆತ್ತಿಯ ಹಿಂಬದಿಯಲ್ಲಿರುವ ಪೆರೈಟಲ್ ಹಾಲೆಯನ್ನು ಮೇಲುಭಾಗ ಕೆಳಭಾಗಗಳಾಗಿ ಬೇರ್ಪಡಿಸುವ ಆಳವಾದ ಮಡಿಕೆಯ ಆಸುಪಾಸು. ಇನ್ನೊಂದು, ಮಿದುಳಿನ ಮುಂಭಾಗದಲ್ಲಿ ಕಣ್ಣಿನ ಚಲನೆಯನ್ನು ನಿಯಂತ್ರಿಸುವ ‘ಫ್ರಂಟಲ್ ಐ ಫೀಲ್ಡ್’ ಎಂಬ ಪ್ರದೇಶ. ಸಂಶೋಧಕರಾದ ಮೌರಿಜಿಯೊ ಕೊರ್ಬೆಟಾ ಮತ್ತು ಗಾರ್ಡನ್ ಶುಲ್ಮನ್ 2002ರಲ್ಲಿ ಈ ಜೋಡಣೆಯನ್ನು ಮೇಲ್ಭಾಗದ ಜಾಲವೆಂದು ಗುರುತಿಸಿ, ಅನಿರೀಕ್ಷಿತವಾಗಿ ಎದುರಾಗುವ ಮುಖ್ಯ ಸಂಗತಿಗಳತ್ತ ಗಮನವನ್ನು ತಿರುಗಿಸುವ, ಬಹುಪಾಲು ಬಲ ಮಿದುಳಿಗೆ ಸೇರಿದ ಕೆಳಭಾಗದ ಜಾಲದಿಂದ ಅದನ್ನು ಬೇರ್ಪಡಿಸಿದರು.

ಕಣ್ಣನ್ನು ಕದಲಿಸುವ ಪ್ರದೇಶವೇ ಕಣ್ಣು ಚಲಿಸದಿರುವಾಗಲೂ ಗಮನವನ್ನು ನಡೆಸುತ್ತದೆಂಬುದು ಈ ವಿಷಯದಲ್ಲಿ ಅತ್ಯಂತ ವಿಸ್ಮಯಕರವಾದ ಅಂಶ. ಟಿರಿನ್ ಮೂರ್ ಮತ್ತು ಕ್ಯಾಥರೀನ್ ಆರ್ಮ್‌ಸ್ಟ್ರಾಂಗ್ 2003ರಲ್ಲಿ ಕೋತಿಗಳ ಫ್ರಂಟಲ್ ಐ ಫೀಲ್ಡ್‌ಗೆ, ಕಣ್ಣು ಕದಲಿಸಲು ಸಾಲದಷ್ಟು ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಸಿದಾಗ, ಪ್ರವಾಹ ಬಲವಾಗಿದ್ದರೆ ಕಣ್ಣು ಹೊರಳುತ್ತಿದ್ದ ಸ್ಥಾನದ ನೋಟಕ್ಕೆ ಸಂಬಂಧಿಸಿದ ದೃಷ್ಟಿ ಪ್ರದೇಶದ ನರಕೋಶಗಳು ಹೆಚ್ಚು ಬಲವಾಗಿ ಸ್ಪಂದಿಸಿದವು. ಸಬೀನ್ ಕಾಸ್ಟ್ನರ್ ಮತ್ತು ಸಂಗಡಿಗರು 1999ರಲ್ಲಿ ಮನುಷ್ಯರ ಮಿದುಳನ್ನು ಸ್ಕ್ಯಾನ್ ಮಾಡಿ, ನೋಡಬೇಕಾದ ಚಿತ್ರ ಇನ್ನೂ ಮೂಡದಿದ್ದರೂ ನಿರೀಕ್ಷೆಯೊಂದರಿಂದಲೇ ದೃಷ್ಟಿ ಪ್ರದೇಶದ ಚಟುವಟಿಕೆ ಏರುವುದನ್ನು ಕಂಡಿದ್ದರು. ಎಂದರೆ ಗಮನವು ಕಂಡದ್ದರಲ್ಲಿ ಬೇಕಾದುದನ್ನು ಆಮೇಲೆ ಆರಿಸುವುದಷ್ಟೇ ಅಲ್ಲ, ಕಾಣುವ ಕ್ರಿಯೆಯನ್ನೇ ಮುಂಚಿತವಾಗಿ ಅಣಿಗೊಳಿಸುತ್ತದೆ.

ಈ ವ್ಯವಸ್ಥೆ ಕೆಟ್ಟಾಗ ಆಗುವ ನಷ್ಟ ದೊಡ್ಡದು. ಮಿದುಳಿನ ಬಲಭಾಗಕ್ಕೆ, ಅದರಲ್ಲೂ ಪೆರೈಟಲ್ ಹಾಲೆಯ ಸುತ್ತಮುತ್ತ ಹಾನಿಯಾದ ಕೆಲವರು ಕಣ್ಣು ಸರಿಯಿದ್ದರೂ ತಮ್ಮ ಎಡಗಡೆಯ ಲೋಕವನ್ನು ಗಮನಿಸುವುದೇ ಇಲ್ಲ. ತಟ್ಟೆಯ ಎಡಭಾಗದ ಊಟ ಹಾಗೆಯೇ ಉಳಿಯುತ್ತದೆ, ಮುಖದ ಎಡಭಾಗದ ಕ್ಷೌರ ತಪ್ಪುತ್ತದೆ. ಇಟಲಿಯ ಎಡ್ವಾರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಜ್ಜಾಟಿ ಇಂಥ ರೋಗಿಗಳಿಗೆ ಅವರು ಚೆನ್ನಾಗಿ ಬಲ್ಲ ಮಿಲಾನ್ ನಗರದ ಕ್ಯಾಥೆಡ್ರಲ್ ಚೌಕವನ್ನು ನೆನಪಿನಿಂದ ವರ್ಣಿಸುವಂತೆ ಹೇಳಿದ ಪ್ರಯೋಗ 1978ರಲ್ಲಿ ಪ್ರಕಟವಾಯಿತು. ಕ್ಯಾಥೆಡ್ರಲ್‌ಗೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡಾಗ ಅವರು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೆಸರಿಸಿದರು. ಕ್ಯಾಥೆಡ್ರಲ್‌ಗೆ ಬೆನ್ನುಮಾಡಿ ನಿಂತಂತೆ ಕಲ್ಪಿಸಿಕೊಂಡಾಗ, ಮೊದಲು ಬಿಟ್ಟುಹೋಗಿದ್ದ ಕಟ್ಟಡಗಳು ಈಗ ಬಲಕ್ಕೆ ಬಂದು ಅವರ ಬಾಯಲ್ಲಿ ಬಂದವು.