ವಿಯೆನ್ನಾದ ವಾಲ್ಟ್ಜ್, ನಮ್ಮ ಪೇಟಿ

ನಮ್ಮ ಹುಡಗಿಯ ಕಡೆ ಭಜನೆಗೆ ಪೇಟಿಯೊಂದಿದ್ದರೆ ಸಾಕು, ಉಳಿದ ವಾದ್ಯಗಳ ಕೊರತೆ ತೋರದು. ಇದೇ ಉಪಾಯವನ್ನು ವಿಯೆನ್ನಾದ ಘನ ಸಂಗೀತಗಾರರೂ ಹೂಡಿದ್ದರೆಂದರೆ ಕೇಳುಗರು ನಕ್ಕಾರು.

ಆರ್ನಾಲ್ಡ್ ಷೋನ್‌ಬರ್ಗ್ 1918ರಲ್ಲಿ ಅಲ್ಲೊಂದು ಸಂಘ ಕಟ್ಟಿದ. ಹೊಸ ಕೃತಿಗಳನ್ನು ಚೆನ್ನಾಗಿ ಅಭ್ಯಾಸಮಾಡಿ ನುಡಿಸುವುದು ಅದರ ವ್ರತ. ಚಪ್ಪಾಳೆ ನಿಷಿದ್ಧ, ವಿಮರ್ಶಕರಿಗೆ ಪ್ರವೇಶವಿಲ್ಲ. ಇಂಥದಕ್ಕೆ ಹಣವೆಲ್ಲಿಂದ ಬಂದೀತು? 1921ರ ಮೇ 27ರಂದು ಅವನೂ ಶಿಷ್ಯರಾದ ಬರ್ಗ್, ವೆಬರ್ನರೂ ಜೊಹಾನ್ ಸ್ಟ್ರೌಸನ ನಾಲ್ಕು ವಾಲ್ಟ್ಜ್‌ಗಳನ್ನು ಕಿರುಮೇಳಕ್ಕೆ ಅಳವಡಿಸಿ, ತಾವೇ ವಾದ್ಯ ಹಿಡಿದು ಕುಳಿತರು, ಹಸ್ತಪ್ರತಿಗಳನ್ನು ಹರಾಜಿಗಿಟ್ಟರು.

ವಾಲ್ಟ್ಜ್ ಎಂಬುದು ಮೂರು ಮಾತ್ರೆಗಳ ಕುಣಿತ. ನಮ್ಮ ದಾದ್ರಾದ ಅರ್ಧವೆನ್ನಿ. ಸ್ಟ್ರೌಸನ ದೊಡ್ಡ ವಾದ್ಯವೃಂದದ ಬದಲು ಇಲ್ಲಿ ನಾಲ್ಕು ತಂತಿವಾದ್ಯ, ಒಂದು ಪಿಯಾನೊ, ಒಂದು ಹಾರ್ಮೋನಿಯಮ್. ಊದುವಾದ್ಯಗಳ ಉಸಿರನ್ನು ತುಂಬುವ ಹೊಣೆ ಹಾರ್ಮೋನಿಯಮ್ಮಿನದು. ಕಾಲಿನಿಂದ ತಿದಿಯೊತ್ತುವ, ನಮ್ಮ ನಾಟಕ ಕಂಪನಿಗಳಲ್ಲಿ ಕಂಡಂಥ ಪೇಟಿಯದು, ನುಡಿಸಿದವನು ಬರ್ಗ್. ದನಿಗಳು ವಿರಳವಾದಾಗ ರಾಗದೆಳೆಗಳು ಹೇಗೆ ಹೆಣೆದುಕೊಂಡಿವೆಯೆಂಬುದು ಕಿವಿಗೆ ನಿಚ್ಚಳವಾಗುತ್ತದೆ.

ಶ್ರುತಿಸಂಬಂಧದ ಹಳೆಯ ಕಟ್ಟನ್ನೇ ಮುರಿದನೆಂದು ಬೈಸಿಕೊಂಡವನು ಈ ಷೋನ್‌ಬರ್ಗನೇ. ಇದು ಕೇವಲ ಸಂಘದ ಬೊಕ್ಕಸಕ್ಕಾಗಿ ಮಾಡಿದ ಕೆಲಸವೆಂಬ ಮಾತನ್ನು ನಾನು ಒಪ್ಪಲಾರೆ. ಸಂಘ 1921ರಲ್ಲೇ ನಿಂತಿತು. 1925ರಲ್ಲಿ ಅವನು ಸ್ಟ್ರೌಸನ ‘ಚಕ್ರವರ್ತಿ ವಾಲ್ಟ್ಜ್’ ಅನ್ನು ಕೊಳಲು, ಕ್ಲಾರಿನೆಟ್ ಸೇರಿ ಏಳು ವಾದ್ಯಗಳಿಗೆ ಮತ್ತೆ ಅಳವಡಿಸಿದ.