ಕೆಂಪು ವೈನ್ ಬಾಯಿ ಒಗರು ಮಾಡುವುದೇಕೆ?

ಪ್ರಶ್ನೆ: ಹೊಸಪೇಟೆಯಲ್ಲಿ ಕೊಂಡ ಅಗ್ಗದ ಕೆಂಪು ವೈನ್ ಒಮ್ಮೆ ಬರೀ ಸಿಹಿ, ಇನ್ನೊಮ್ಮೆ ಬಾಯಿ ಒಣಗಿಸುವಷ್ಟು ಒಗರು. ಏಕೆ?

ಉತ್ತರ: ಅವೆರಡೂ ಬೇರೆ ಬಗೆಯ ವೈನ್. ‘ಪೋರ್ಟ್’ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಸಕ್ಕರೆ ಹೆಚ್ಚು. ಅದಕ್ಕೆ ಬೆಂಗಳೂರು ನೀಲಿ ದ್ರಾಕ್ಷಿ ಬಳಸುವುದುಂಟು. ಆ ಹಣ್ಣಿನ ಗಾಢ ಕಂಪು ಗ್ಲಾಸಿನಲ್ಲೂ ಉಳಿಯುತ್ತದೆ. ‘ಡ್ರೈ’ ಎಂದು ಬರೆದಿರುವುದರಲ್ಲಿ ಸಕ್ಕರೆ ಬಹುಪಾಲು ಹುದುಗಿ ಆಲ್ಕೋಹಾಲ್ ಆಗಿರುತ್ತದೆ. ಮರೆಮಾಚಲು ಸಿಹಿ ಇಲ್ಲದೆ ಸಿಪ್ಪೆ, ಬೀಜಗಳ ಟ್ಯಾನಿನ್ ನೇರವಾಗಿ ನಾಲಿಗೆಗೆ ತಾಗುತ್ತದೆ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪು ಕಳೆಯುತ್ತದೆ. ನೇರಳೆ ಹಣ್ಣು ತಿಂದಾಗ ಆಗುವುದೂ ಇದೇ. ಒಗರು ಇದ್ದ ಮಾತ್ರಕ್ಕೆ ವೈನ್ ಕೆಟ್ಟಿಲ್ಲ. ವಿನೆಗರ್ ವಾಸನೆ ಹೊಡೆದರೆ ಅನುಮಾನಿಸಿ. ಮಟನ್ ಸಾರಿನ ಜೊತೆ ಗುಟುಕರಿಸಿ ನೋಡಿ, ಒಗರು ಮೆತ್ತಗಾಗುತ್ತದೆ.

ನಮ್ಮ ಕಡೆಯ ನಿಜವಾದ ತೊಂದರೆ ಬಿಸಿಲು. ಬೇಸಿಗೆಯ ಕೋಣೆಯಲ್ಲಿಟ್ಟ ಬಾಟಲಿಯಲ್ಲಿ ಆಲ್ಕೋಹಾಲಿನ ಘಾಟೇ ಮುಂದು. ಫ್ರಿಜ್‌ನಲ್ಲಿಟ್ಟು 16ರಿಂದ 18 ಡಿಗ್ರಿಗೆ ಇಳಿಸಿ.

ದ್ರಾಕ್ಷಿ ಈ ನೆಲಕ್ಕೆ ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಒಂದು ಪಣ ನಾಣ್ಯಕ್ಕೆ ಮೂರು ಗೊಂಚಲಿನಂತೆ ಬಿಳಿ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿದ್ದಾನೆ. ಈಗ ಹಂಪಿ ಹಿಲ್ಸ್‌ ಹೆಸರಲ್ಲಿ ಕೃಸ್ಮಾ ಎಸ್ಟೇಟ್ಸ್ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದೆ, ಅದು ಮಾತ್ರ ಅಗ್ಗವಲ್ಲ.